ಧರ್ಮ ಮಣ್ಣಿಗಿಳಿಯುವುದು ಆಜ್ಞೆಯಿಂದಲ್ಲ

ರೋಣ, ನರಗುಂದ, ಗಜೇಂದ್ರಗಡ ಸೀಮೆಯವರಾದ ನಮಗೆ ಬೆಟಗೇರಿಯ 'ಜರ್ಮನ್ ಆಸ್ಪತ್ರೆ' ಅಪರಿಚಿತವಲ್ಲ. ಹೆಸರು ಜರ್ಮನ್ ಆದರೂ ಅಲ್ಲಿ ಕಿವಿಗೆ ಬೀಳುವುದು ಅಪ್ಪಟ ಗದಗ ಸೀಮೆಯ ಕನ್ನಡ. ಅದರ ಮೂಲವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆಯಿತು. ಇದೇ ಸಂಸ್ಥೆ 1847ರಲ್ಲಿ ಥಿಯೋಡೋರ್ ಹ್ಯಾಂಬರ್ಗ್ ಮತ್ತು ರುಡಾಲ್ಫ್ ಲೆಶ್ಲರ್ ಎಂಬ ಇಬ್ಬರನ್ನು ಹಾಂಗ್‌ಕಾಂಗಿಗೆ ಕಳುಹಿಸಿ, ದಕ್ಷಿಣ ಚೀನಾದ ಹಕ್ಕಾ ಜನರ ನಡುವೆ ಕೆಲಸ ಆರಂಭಿಸಿತು. ಚೀನಾದ ಕ್ರೈಸ್ತರ ಇಂದಿನ ಸ್ಥಿತಿಯನ್ನು ನಾನು ಈ ದಾಯಾದಿ ಸಂಬಂಧದ ಮೂಲಕವೇ ನೋಡಬಯಸುತ್ತೇನೆ.

ಎರಡೂ ಕಡೆ ಬಾಗಿಲು ತೆರೆದದ್ದು ಪರರ ಅಧಿಕಾರ. ಇಲ್ಲಿ 1833ರ ಕಂಪನಿ ಸನ್ನದು, ಅಲ್ಲಿ ಅಫೀಮು ಯುದ್ಧದ ಬೆನ್ನಿಗೇ ಬಂದ 1842ರ ನಾನ್‌ಕಿಂಗ್ ಒಪ್ಪಂದ. ಇದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಹಾಗೆ ಬಂದವರು ನೆಲೆ ಕಂಡದ್ದು ನೆಲದ ಭಾಷೆಯಲ್ಲಿ. ಮೊಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಅತ್ತ ಲೆಶ್ಲರ್ ಮತ್ತು ಸಂಗಡಿಗರು ಹಕ್ಕಾ ಭಾಷೆಯನ್ನು ಕಲಿತು, ಧರ್ಮಗ್ರಂಥವನ್ನು ಅದಕ್ಕೆ ತಂದರು.

ನಿಜವಾದ ಪರೀಕ್ಷೆ ಎದುರಾದದ್ದು ಪರದೇಶಿಗಳು ಹೊರಟ ಮೇಲೆ. 1914ರ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟರು, ದೇಶದಿಂದ ಹೊರಗೆ ಕಳುಹಿಸಿದರು. ಸಭೆಗಳು ಮಾತ್ರ ಮುಚ್ಚಲಿಲ್ಲ. ಚೀನಾದಲ್ಲಿ 1949ರ ಕ್ರಾಂತಿಯ ನಂತರ ವಿದೇಶಿ ಪಾದ್ರಿಗಳು ಹೊರಬಿದ್ದರು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚರ್ಚುಗಳಿಗೇ ಬೀಗ ಬಿತ್ತು. 1979ರಲ್ಲಿ ಅವು ಮತ್ತೆ ತೆರೆದಾಗ, ವಿಶ್ವಾಸಿಗಳ ಸಂಖ್ಯೆ ಕುಗ್ಗುವ ಬದಲು ಹಿಗ್ಗತೊಡಗಿತ್ತು. 1949ರಲ್ಲಿ ಹತ್ತು ಲಕ್ಷದ ಆಸುಪಾಸಿನಲ್ಲಿದ್ದ ಪ್ರಾಟೆಸ್ಟಂಟರು, ಚೀನಾ ಸರ್ಕಾರದ್ದೇ 2018ರ ಶ್ವೇತಪತ್ರದ ಪ್ರಕಾರ 3.8 ಕೋಟಿಗೂ ಹೆಚ್ಚು. ಕ್ಯಾಥೊಲಿಕರು ಸುಮಾರು 60 ಲಕ್ಷ. ನೋಂದಣಿಗೆ ಒಪ್ಪದ 'ಮನೆ ಸಭೆ'ಗಳವರನ್ನು ಸೇರಿಸಿದರೆ ಸಂಖ್ಯೆ ಇನ್ನೂ ಹೆಚ್ಚೆಂಬ ವಾದವಿದೆ. 2010ರ ನಂತರ ಬೆಳವಣಿಗೆ ನಿಂತಿರಬಹುದೆಂದು ಪ್ಯೂ ಸಂಸ್ಥೆಯ 2023ರ ವರದಿ ಹೇಳಿದ್ದೂ ಉಂಟು.

ಹೀಗೆ ತನ್ನ ಕಾಲ ಮೇಲೆ ತಾನೇ ನಿಂತ ಸಮುದಾಯಕ್ಕೆ ಬೀಜಿಂಗ್ ಈಗ 'ಚೀನೀಕರಣ'ದ ಪಾಠ ಹೇಳುತ್ತಿದೆ. 2014ರಿಂದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಚರ್ಚುಗಳ ಶಿಲುಬೆಗಳನ್ನು ಇಳಿಸಲಾಯಿತು. 2018ರ ಫೆಬ್ರುವರಿಯಲ್ಲಿ ಕಠಿಣ ನಿಯಮಗಳು ಜಾರಿಗೆ ಬಂದವು. ಚೆಂಗ್ಡುವಿನ ಪಾದ್ರಿ ವಾಂಗ್ ಯಿ ಅವರಿಗೆ 2019ರ ಡಿಸೆಂಬರಿನಲ್ಲಿ ಒಂಬತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಬಿಷಪರ ನೇಮಕದ ಬಗ್ಗೆ ವ್ಯಾಟಿಕನ್ 2018ರಲ್ಲಿ ಚೀನಾದೊಡನೆ ಮಾಡಿಕೊಂಡ ಒಪ್ಪಂದ 2024ರಲ್ಲಿ ನಾಲ್ಕು ವರ್ಷಗಳ ಮಟ್ಟಿಗೆ ನವೀಕರಣಗೊಂಡಿದೆ. ಆದರೂ ಯಾರು ಬಿಷಪರಾಗಬೇಕೆಂಬುದು ಸರ್ಕಾರದ ಕೈಮೀರಿದ ವಿಷಯವೇನೂ ಆಗಿಲ್ಲ.

ಪರಕೀಯ ಧರ್ಮವನ್ನು ಸ್ವದೇಶಿಯಾಗಿಸುತ್ತೇವೆ ಎಂಬುದು ಆಳುವವರ ಸಮರ್ಥನೆ. ಆದರೆ ಹಕ್ಕಾ ರೈತನೊಬ್ಬ ತನ್ನ ತಾಯ್ನುಡಿಯಲ್ಲಿ ಪ್ರಾರ್ಥಿಸಿದ ದಿನವೇ ಆ ಕೆಲಸ ಮುಗಿದಿತ್ತು. ಸರ್ಕಾರಕ್ಕೆ ಈಗ ಬೇಕಾಗಿರುವುದು ಸ್ವದೇಶಿ ಧರ್ಮವಲ್ಲ, ವಿಧೇಯ ಧರ್ಮ.

ಚೀನಾದತ್ತ ಬೆರಳು ತೋರಿ ನಾವು ನಿರಾಳವಾಗಿರುವಂತಿಲ್ಲ. ಪ್ರಜಾಪ್ರಭುತ್ವ, ಸ್ವತಂತ್ರ ನ್ಯಾಯಾಲಯ ಹಾಗೂ ಸಂವಿಧಾನದ 25ನೆಯ ವಿಧಿ ನಮ್ಮ ಭಾಗ್ಯ; ಎರಡೂ ದೇಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ 'ನಿಮ್ಮ ಧರ್ಮ ಹೊರಗಿನದು' ಎಂಬ ಮಾತು ಇಲ್ಲಿಯೂ ಸಲೀಸಾಗಿ ಬರುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಆ ಚರ್ಚೆಯಲ್ಲಿಯೂ ಈ ಮಾತು ಮತ್ತೆ ಮತ್ತೆ ಕೇಳಿಬಂತು. ಆಮಿಷವೊಡ್ಡುವುದು, ಬಲಾತ್ಕಾರ ಮಾಡುವುದು ಖಂಡಿತ ತಪ್ಪು; ಆದರೆ ನಂಬಿಕೆ ಎಲ್ಲಿಂದ ಬಂತೆಂದು ಕೇಳಿ ನಂಬುವವನನ್ನೇ ಪರಕೀಯನನ್ನಾಗಿಸುವುದು ಬೇರೆಯೇ ಸಂಗತಿ.

ನಾಲ್ಕೈದು ತಲೆಮಾರುಗಳಿಂದ ಕನ್ನಡದಲ್ಲಿಯೇ ದುಡಿದು, ಹಾಡಿ, ಈ ಮಣ್ಣಿನಲ್ಲಿಯೇ ಹೂಳಿಸಿಕೊಂಡ ಜನರಿಂದ ಇನ್ನಾವ ಪುರಾವೆಯನ್ನು ಕೇಳೋಣ? ಆ ಪ್ರಶ್ನೆಗೆ ಬೀಜಿಂಗ್ ಕೊಟ್ಟಿರುವ ಉತ್ತರ ನಮ್ಮ ಉತ್ತರವಾಗಬಾರದು.