ಹೊಸ ಬಟ್ಟೆಯನ್ನು ಹಳತುಮಾಡುವ ಬಗೆ

ಅಂಗಡಿಯಿಂದ ಅಂದೇ ತಂದ ಗರಿಗರಿಯಾದ ಧೋತರವನ್ನುಟ್ಟ ವಿದ್ಯಾರ್ಥಿಯು ಎಷ್ಟು ಚೆನ್ನಾಗಿ ಅಭಿನಯಿಸಿದರೂ ರೈತನಾಗಿ ಕಾಣನು. ಗದಗಿನ ಬಳಿಯ ಮಲ್ಲಸಮುದ್ರದ ರೈತನನ್ನು ರಂಗಕ್ಕೆ ತರುವುದಾದರೆ ಮೊದಲು ಬಟ್ಟೆಯ ಗಂಜಿ ಹೋಗಬೇಕು. ನಾಲ್ಕಾರು ಬಾರಿ ಕುದಿನೀರಿನಲ್ಲಿ ಒಗೆದು, ಸೋಸಿದ ಚಹದ ಕಷಾಯದಲ್ಲಿ ಅದ್ದಿದರೆ ದೀಪದೆದುರು ಕಣ್ಣು ಕುಕ್ಕುವ ಬಿಳುಪು ಅಡಗುತ್ತದೆ. ಬಳಿಕ ಇಟ್ಟಿಗೆಯ ಚೂರಿನಿಂದ ತಿಕ್ಕಬೇಕು. ಎಲ್ಲೆಂದರಲ್ಲಿ ಅಲ್ಲ, ಹೊರೆ ಹೊರುವ ಹೆಗಲಿನಲ್ಲಿ, ಮೊಣಕೈಯಲ್ಲಿ, ಕೊರಳಿನ ಮಡಿಕೆಯಲ್ಲಿ. ಮೈ ದುಡಿದಲ್ಲಿಯೇ ಬಟ್ಟೆ ಸವೆಯುವುದಷ್ಟೆ. ಎರೆಹೊಲದಿಂದ ಬಂದವನ ಧೋತರದಂಚಿಗೆ ಕಪ್ಪು ಮಣ್ಣೇ ಮೆತ್ತಿರಬೇಕು, ಕೆಮ್ಮಣ್ಣು ಸಲ್ಲದು.

ಹುಡುಗರು ಉತ್ಸಾಹದಿಂದ ಕತ್ತರಿ ಹಿಡಿದು ಬಟ್ಟೆಯನ್ನು ಹರುಕುಮಾಡುತ್ತಾರೆ. ಇದನ್ನು ನಾನೊಪ್ಪಲಾರೆ. ಬಡವನು ಹರಿದುದನ್ನು ಹರಿದಂತೆಯೇ ಬಿಡುವವನಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಕೌದಿ ಹೊಲಿಯುವ ಸೀಮೆಯದು. ಹರಿದಲ್ಲಿ ತೇಪೆಯಿರಲಿ, ತೇಪೆಯ ಹೊಲಿಗೆ ಒಪ್ಪವಾಗಿರಲಿ. ಕುವೆಂಪು ಅವರ ‘ಜಲಗಾರ’ದಲ್ಲಿ (1928) ಶಿವನೇ ಜಲಗಾರನ ವೇಷದಲ್ಲಿ ಬರುತ್ತಾನೆ, ಅಲ್ಲಿ ಅಡ್ಡಾದಿಡ್ಡಿ ಕತ್ತರಿಸಿದ ಚಿಂದಿ ಕಂಡರೆ ಪ್ರೇಕ್ಷಕರು ನಕ್ಕುಬಿಡುವರು. ಬೀದಿಯ ಧೂಳು ಕಾಣಬೇಕಾದರೆ ಜರಡಿ ಹಿಡಿದ ಬೂದಿಯನ್ನು ತೆಳುಬಟ್ಟೆಯಲ್ಲಿ ಗಂಟುಕಟ್ಟಿ ಉಡುಪಿನ ಮೇಲೆ ಮೆಲ್ಲನೆ ತಟ್ಟಿದರಾಯಿತು. ಪಾತ್ರಧಾರಿಯು ಎರಡು ದಿನ ಮುಂಚಿತವಾಗಿ ಅದನ್ನುಟ್ಟು, ಕುಳಿತು ಎದ್ದು ಅಭ್ಯಾಸಮಾಡಲಿ. ಸುಕ್ಕುಗಳು ತಾವಾಗಿಯೇ ತಮ್ಮ ಎಡೆಯನ್ನು ಹುಡುಕಿಕೊಳ್ಳುತ್ತವೆ.