ಪೊರೆ ಬಿಡುವ ಚೇಳಿಗೊಂದು ಆಸರೆ

ಚೇಳು ಎಂದೊಡನೆ ನಮ್ಮ ಮನೆಗಳಲ್ಲಿ ಕೈ ಹೋಗುವುದು ಚಪ್ಪಲಿಗೆ. ಆದರೆ ಯೂರೋಪು, ಅಮೆರಿಕಗಳಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಕ್ಕರೆಯಿಂದ ಸಾಕುವವರಿದ್ದಾರೆಂದರೆ ಓದುಗರಿಗೆ ಸೋಜಿಗವೆನಿಸೀತು. ಅವರಿಗೆ ಬಹುಕಾಲದಿಂದ ಅಚ್ಚುಮೆಚ್ಚಿನದು ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಆಫ್ರಿಕಾ ದೇಶಗಳ 'ಎಂಪರರ್' ಎಂಬ ಕರಿಚೇಳು. ಸುಮಾರು 20 ಸೆಂಟಿಮೀಟರ್ ಉದ್ದ ಬೆಳೆಯುವ ಈ ಜೀವಿ ನೋಡಲು ಭಯಂಕರ. ಕುಟುಕಿದರೆ ಸಾಮಾನ್ಯವಾಗಿ ಜೇನುನೊಣ ಕಚ್ಚಿದಷ್ಟೇ ನೋವು. 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ವನ್ಯಜೀವಿ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಇದನ್ನು ಸಾಕುವವರಿಗೆ ಅತ್ಯಂತ ಕಳವಳದ ಗಳಿಗೆಯೆಂದರೆ ಅದು ಪೊರೆ ಬಿಡುವ ಕಾಲ. ಚೇಳಿಗೆ ನಮ್ಮಂತೆ ಒಳಗೆ ಎಲುಬಿಲ್ಲ. ಮೈಮೇಲಿನ ಗಡಸು ಕವಚವೇ ಅದಕ್ಕೆ ಆಧಾರ. ಈ ಕವಚ ದೇಹದೊಡನೆ ಬೆಳೆಯಲಾರದು. ಆದಕಾರಣ ದೊಡ್ಡದಾಗಬೇಕಾದರೆ ಹಳೆಯದನ್ನು ಕಳಚಲೇಬೇಕು. ಮರಿಗಳು ಮೊದಲ ಪೊರೆಯನ್ನು ತಾಯಿಯ ಬೆನ್ನ ಮೇಲೆಯೇ ಬಿಡುತ್ತವೆ. ಪ್ರಾಯಕ್ಕೆ ಬರುವವರೆಗೆ ಹಲವು ಸಲ ಹೀಗೆ ಕಳಚಿದ ಬಳಿಕ ಮತ್ತೆ ಪೊರೆ ಬಿಡುವುದಿಲ್ಲ.

ಗಳಿಗೆ ಸಮೀಪಿಸಿದಂತೆ ಚೇಳು ಆಹಾರ ಬಿಟ್ಟು ಮಂಕಾಗುತ್ತದೆ. ಮೈ ಊದಿಕೊಂಡಂತೆ ಕಾಣುತ್ತದೆ. ಆಮೇಲೆ ತಲೆಯ ಮುಂಭಾಗದಲ್ಲಿ ಕವಚ ಬಿರಿದು, ಆ ಬಿರುಕಿನಿಂದ ಪ್ರಾಣಿಯು ಕೊಂಡಿ, ಕಾಲು, ಬಾಲಗಳನ್ನು ಮೆಲ್ಲಮೆಲ್ಲನೆ ಹೊರಗೆಳೆದುಕೊಳ್ಳುತ್ತದೆ. ಉಸಿರಾಟದ ಅಂಗಗಳ ಒಳಪದರ ಕೂಡ ಹಳೆಯ ಪೊರೆಯೊಡನೆ ಕಳಚಿ ಬರಬೇಕು! ಇದಕ್ಕೆ ಹಲವು ಗಂಟೆಗಳೇ ಹಿಡಿಯುತ್ತವೆ.

ಪೆಟ್ಟಿಗೆಯೊಳಗಿನ ಗಾಳಿ ಒಣಗಿದ್ದರೆ, ಇಲ್ಲವೆ ಪ್ರಾಣಿಯ ಮೈಯಲ್ಲಿ ನೀರಿನಂಶ ಸಾಲದಿದ್ದರೆ ಪೊರೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಚೇಳು ಕಾಲು ಕಳೆದುಕೊಳ್ಳಬಹುದು, ಬಳಲಿ ಸಾಯಲೂಬಹುದು. ಒದ್ದಾಡುವ ಜೀವವನ್ನು ಕಂಡಾಗ ಚಿಮುಟದಿಂದ ಪೊರೆಯನ್ನು ಎಳೆದುಬಿಡೋಣವೆನ್ನಿಸುವುದು ಸಹಜ. ಅನುಭವಿಗಳು ಮಾಡಬಾರದೆನ್ನುವುದು ಅದನ್ನೇ. ಹೊಸ ಚರ್ಮ ಅತಿ ಮೃದು. ಎಳೆದರೆ ಪೊರೆಯೊಡನೆ ಅದೂ ಹರಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪ್ರಾಣಿಯ ಮೇಲೆ ನೀರು ಸುರಿಯದೆ, ಪೆಟ್ಟಿಗೆಯ ಒಂದು ಬದಿಯ ಮಣ್ಣನ್ನು ಉಗುರುಬೆಚ್ಚಗಿನ ನೀರಿನಿಂದ ತೋಯಿಸಿ ತೇವ ಹೆಚ್ಚಿಸಬೇಕು. ಈ ಜಾತಿಯ ಚೇಳಿಗೆ ಸುಮಾರು ಶೇಕಡ 75ರಿಂದ 80ರಷ್ಟು ಆರ್ದ್ರತೆ ಹಿತಕರ. ಒಳಗೆ ಬಿಟ್ಟ ಮಿಡತೆ, ಜೀರುಂಡೆಗಳನ್ನು ತೆಗೆದುಬಿಡಬೇಕು. ಮೆತ್ತಗಿರುವ ಚೇಳನ್ನು ಅವೇ ಕಡಿದಾವು. ಬೆಳಕು, ಅಲುಗಾಟಗಳಿಂದ ದೂರವಿಟ್ಟು ಕಾಯಬೇಕು. ಬಹಳ ಹೊತ್ತಿನ ಮೇಲೂ ಕಾಲಿನ ತುದಿಯಲ್ಲಿ ಪೊರೆ ಉಳಿದಿದ್ದರೆ ಮಾತ್ರ, ನೀರಿನಲ್ಲಿ ಅದ್ದಿದ ಮೆದು ಕುಂಚದಿಂದ ಆ ಜಾಗವನ್ನಷ್ಟೇ ನೆನೆಸಬಹುದು. ಬಿಡಿಸಿಕೊಳ್ಳುವ ಕೆಲಸ ಅದರದೇ. ಹೊರಬಂದ ಚೇಳು ಬೆಳ್ಳಗಿರುತ್ತದೆ. ಕವಚ ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಒಂದು ವಾರ, ಆಹಾರ ಕೊಡದೆ, ಮುಟ್ಟದೆ ಬಿಡುವುದು ಲೇಸು.

ಇದನ್ನೋದಿದ ಮಕ್ಕಳು ಹಿತ್ತಲಿನ ಚೇಳನ್ನು ಡಬ್ಬಿಗೆ ತುಂಬುವ ಸಾಹಸಕ್ಕಿಳಿಯದಿರಲಿ. ನಮ್ಮ ನಾಡಿನ ಕೆಂಪು ಚೇಳು ಗಾತ್ರದಲ್ಲಿ ಚಿಕ್ಕದಾದರೂ ಅದರ ವಿಷ ಹೃದಯವನ್ನು ಬಾಧಿಸಿ ಮಕ್ಕಳ ಪ್ರಾಣಕ್ಕೆ ಎರವಾಗಬಲ್ಲುದು. ಮಹಾರಾಷ್ಟ್ರದ ಮಹಾಡಿನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೊಸಿನ್ ಔಷಧದಿಂದ ಇಂಥ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟಿದ್ದಾರೆ. ಆದುದರಿಂದ ಚೇಳು ಕುಟುಕಿದರೆ ಮಂತ್ರ, ನಾಟಿಮದ್ದುಗಳೆಂದು ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಸಾಕಿದವರು ಚೇಳಿಗೆ ಮಾಡುವ ಉಪಕಾರ ಇಷ್ಟೇ: ಬೇಕಾದ ತೇವ, ಬೇಕಾದ ನೆಮ್ಮದಿ, ಅವಸರಪಡದ ಕೈ. ಬೆಳೆಯುವ ಮಕ್ಕಳಿರುವ ಮನೆಯ ಹಿರಿಯರಿಗೆ ಇದು ಹೊಸ ಪಾಠವೇನಲ್ಲ.