ಹೊಲ ಮಾರುವ ಮುಂಚೆ ಎರಡು ದಾರಿ ನೋಡ್ರಿ

ಎಂಸೆಟ್‌ಗೆ 2024ರಿಂದ ಇಎಪಿಸೆಟ್ ಎಂದು ಹೆಸರಾಗಿದ್ದರೂ ನಮ್ಮ ಮಂದಿಯ ಬಾಯಲ್ಲಿ ಅದು ಇನ್ನೂ ಎಂಸೆಟ್ಟೇ. ಫಲಿತಾಂಶ ಬಂದ ಮೇಲೆ ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿ ಕೂತರೂ ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಕಿವಿಗೆ ಬೀಳುವುದು ಒಂದೇ ಮಾತು: "ನಿಮ್ ಹುಡುಗಗ ಕಂಪ್ಯೂಟರ್ ಸಿಕ್ತೇನ್ರಿ?" ಸಿವಿಲ್, ಎಲೆಕ್ಟ್ರಿಕಲ್ ಸಿಕ್ಕಿದೆ ಎಂದರೆ ಸಮಾಧಾನ ಹೇಳುವ ಧಾಟಿ.

ಮಕ್ತಲ್ ಕಡೆಯ ರೈತರೊಬ್ಬರು ನನ್ನ ಮುಂದೆ ಲೆಕ್ಕ ಇಟ್ಟರು. "ಮಗನಿಗೆ ಕನ್ವೀನರ್ ಕೋಟಾದಾಗ ಎಲೆಕ್ಟ್ರಿಕಲ್ ಬಂದದ. ಎರಡ್ ಎಕರೆ ಮಾರಿ ಮ್ಯಾನೇಜ್‌ಮೆಂಟ್ ಸೀಟಿನಾಗ ಕಂಪ್ಯೂಟರ್ ಕೊಡಿಸ್ಲೇನ್ರಿ ಅಣ್ಣಾರ?" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಒಂದು ವರ್ಷದ ನಂತರದ ದಾರಿ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಇಲ್ಲಿನ ಮಕ್ಕಳು ಓದಿಗೆ ಈ ಕಡೆ ಬರುವುದು ಹೊಸದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಎರಡನೇ ವರ್ಷದ ಆರಂಭಕ್ಕೆ ಬ್ರಾಂಚ್ ಬದಲಿಸಲು ಅವಕಾಶವುಂಟು. ಆದರೆ ಸೀಟು ಖಾಲಿ ಇರಬೇಕು, ಅಂಕ ಮೇಲಿರಬೇಕು. ಕಂಪ್ಯೂಟರ್ ವಿಭಾಗದಲ್ಲಿ ಖಾಲಿ ಸೀಟು ಅಪರೂಪ. ಅದೊಂದನ್ನೇ ನಂಬಿ ಸೇರಬಾರದು.

ಎರಡನೆಯದು ಡಿಗ್ರಿ ಮುಗಿದ ಮೇಲಿನದು. ಗೇಟ್ ಪರೀಕ್ಷೆಯಲ್ಲಿ ಎಲೆಕ್ಟ್ರಿಕಲ್ ಹುಡುಗನೂ ಕಂಪ್ಯೂಟರ್ ಸೈನ್ಸ್ ಪೇಪರ್ ಬರೆಯಬಹುದು, ಎಂ.ಟೆಕ್.ಗೆ ಯಾವ ಸಂಸ್ಥೆ ಯಾವ ಬ್ರಾಂಚಿನವರನ್ನು ಒಪ್ಪುತ್ತದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಹೀಗೆ ತಡವಾಗಿ ದಾರಿ ಬದಲಿಸಿದವರು ನಮಗೆ ಗೊತ್ತಿಲ್ಲದವರೇನಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಸತ್ಯ ನಾದೆಲ್ಲ 1988ರಲ್ಲಿ ನಮ್ಮ ಮಣಿಪಾಲದಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್. ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡಿದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾದರು. ಸುಧಾ ಮೂರ್ತಿಯವರೂ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಇ. ಮಾಡಿದವರು.

ಎಲ್ಲರೂ ನಾದೆಲ್ಲ ಆಗುವುದಿಲ್ಲ, ಖರೆ. ಬೇರೆ ಬ್ರಾಂಚಿನ ಹುಡುಗ ನಾಲ್ಕು ವರ್ಷವೂ ಗಣಿತ ಬಿಡದೆ, ಪ್ರೋಗ್ರಾಮಿಂಗ್ ಕೈಬಿಡದೆ ದುಡಿಯಬೇಕು. ಆ ಮನಸ್ಸು ಇಲ್ಲದವನಿಗೆ ದುಡ್ಡು ಕೊಟ್ಟು ಕಂಪ್ಯೂಟರ್ ಸೀಟು ಕೊಡಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ.

ಆದ್ದರಿಂದ ಫೀಜು ಕಟ್ಟುವ ಮುಂಚೆ ಕಾಲೇಜಿಗೆ ಹೋಗಿ ಕೇಳ್ರಿ: ಇಲ್ಲಿ ಬ್ರಾಂಚ್ ಬದಲಿಗೆ ನಿಯಮ ಉಂಟೇ? ಹೋದ ವರ್ಷ ಎಷ್ಟು ಮಂದಿಗೆ ಸಿಕ್ಕಿತು? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಪಡೆಯಿರಿ. ಹೊಲದ ಮಾತು ಅದರ ನಂತರ.